ಅರ್ಧಚಂದ್ರ ಪ್ರಯೋಗ

ವಿರಾಜಪೇಟೆ, ಮೀನುಪೇಟೆಯ ತಿರುವು,
ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆ.
ದೇಚವ್ವ ಟೀಚರ್ ಚೀಲದಿಂದ ತೆಗೆದಿಟ್ಟದ್ದು
ಏಳು ನೋಟುಪುಸ್ತಕ, ಒಂದು ಬಾಟಲಿ ಕಾಚಂಪುಳಿ.
"ಪುಸ್ತಕ ಟೈಪಿಗೆ. ಬಾಟಲಿ ನಿನ್ನ ಉಮ್ಮನಿಗೆ."

ಮೊದಲ ಪದದಲ್ಲೇ ನಿಂತೆವು.
"ಕಣ್ಣು ಅಂತ ಬರೆದರೆ ಅದು ಕನ್ನಡದ್ದು.
ಕಣ್ಣಿ ಅಂದರೆ ದನ ಕಟ್ಟುವ ಹಗ್ಗ.
ನಮ್ಮದು ಎರಡರ ನಡುವೆ, ರಂಸೀನ,
ತುಟಿ ದುಂಡಗಾಗದೆ, ಹಲ್ಲು ಕಾಣದೆ,
ಶುರುವಾಗುವಷ್ಟರಲ್ಲಿ ಮುಗಿದುಹೋಗುವ ಸ್ವರ."

ಬ್ರೌಸರಿನಲ್ಲಿ ತೆರೆದ ಎಡಿಟರ್
ತನ್ನ ಗುಂಡಿಗಳನ್ನೆಲ್ಲ ಸಾಲಾಗಿ ತೋರಿಸಿತು:
ದಪ್ಪ ಮಾಡಲೇ, ಓರೆ ಮಾಡಲೇ, ಅಡಿಗೆರೆ ಎಳೆಯಲೇ,
ಇಲ್ಲದ ಸಾಮಾನು ಕೇಳಿದಾಗ ಅಂಗಡಿಯವ
ಇದ್ದದ್ದನ್ನೇ ಮತ್ತೆ ಮತ್ತೆ ಮುಂದೆ ಸರಿಸುವ ಹಾಗೆ.
ಕೊನೆಯಲ್ಲಿ ಮಾತ್ರ ಒಂದು ಖಾಲಿ ಜಾಗ.
ಬರೆದವರು ಯಾರೋ, ಯಾವ ಊರಿನವರೋ,
ಎಲ್ಲ ನಮಗೂ ಗೊತ್ತಿಲ್ಲ ಎಂದು ಒಪ್ಪಿಕೊಂಡು
ಬಿಟ್ಟುಹೋದ ಕೊಕ್ಕೆ. ಬೇಕಾದ್ದು ತಗುಲಿಸಿಕೋ.

ರಾತ್ರಿ ತಗುಲಿಸಲು ಕೂತೆ.
ಇದನ್ನು ಕೊಡಗಿನಲ್ಲಿ ಯಾರಿಗೂ ಕಲಿಸಬೇಕಿಲ್ಲ:
ಮೆಣಸಿನ ಬಳ್ಳಿ ಮರ ಹಿಡಿದು ಏರುತ್ತದೆ,
ಬೇರು ಮಾತ್ರ ತನ್ನದೇ, ನೆಲದಲ್ಲಿ.
ಬಂದಳಿಕೆಯೂ ಮರ ಹಿಡಿಯುತ್ತದೆ. ಅದಕ್ಕೆ ಮರವೇ ನೆಲ.
ನನ್ನ ಮೊದಲ ಪ್ಲಗಿನ್ ಬಂದಳಿಕೆ.
ಒಂದು ಗುರುತು ಹಾಕಿದರೆ ಕರ್ಸರ್ ಸಾಲಿನ ತಲೆಗೆ ಜಿಗಿಯಿತು,
ರದ್ದು ಒತ್ತಿದರೆ ಅರ್ಧ ಪುಟ ನುಂಗಿತು.
ಸಂಜೆಯೆಲ್ಲ ಓದಿ ಹೇಳಿದ ಹದಿನೆಂಟು ಪದ,
ಟೀಚರ ಅಜ್ಜಿಯ ಬೈಗುಳವೂ ಸೇರಿ.

"ಬೈಗುಳ ಇನ್ನೊಮ್ಮೆ ಹೇಳಬಲ್ಲೆ," ಅಂದರು ಮರುದಿನ,
"ಇನ್ನೂ ಜೋರಾಗಿ."

ಗುರುತು ಯಾವುದು ಅನ್ನುವುದೂ ತೀರ್ಮಾನವಾಗಿರಲಿಲ್ಲ.
ಚುಕ್ಕಿ ಇಟ್ಟರೆ ಪರದೆಯ ಕೊಳೆ ಅನಿಸುತ್ತದೆ,
ಅಡ್ಡಗೆರೆ ಇಟ್ಟರೆ ಹೊಡೆದುಹಾಕಿದಂತೆ.
ಮನೆಯಲ್ಲಿ, ಪೊರೆ ತೆಗೆಸಿಕೊಂಡು ಮಲಗಿದ್ದ ಉಮ್ಮ
ಮದ್ದು ಬಿಡು ಬಾ ಎಂದು ಕರೆದಳು.
ಕಣ್ಣ್, ಎಂದಳು.
ಅದೇ ಸ್ವರ. ಅದೇ ಅರೆತೆರೆದ ಬಾಯಿ.
ಇಪ್ಪತ್ತಾರು ವರ್ಷ ಅದರೊಳಗೇ ಉಂಡು ಮಲಗಿದ್ದೆ,
ಕೇಳಿಸಿರಲಿಲ್ಲ.
ಉಮ್ಮನ ಮಲಯಾಳದಲ್ಲಿ ಅದಕ್ಕೊಂದು
ಪುಟ್ಟ ಅರ್ಧಚಂದ್ರ ಮುಡಿಸುತ್ತಾರೆ, ಅಷ್ಟೇ.

ಮೂರು ರಾತ್ರಿ ಚಂದ್ರ ಅಕ್ಷರ ಬಿಟ್ಟು
ಪಕ್ಕದ ಚುಕ್ಕಿವೃತ್ತದ ಮೇಲೆ ಕೂತ.
ನಾಲ್ಕನೆಯ ದಿನ ಣ್ಣಕಾರದ ನೆತ್ತಿಗೆ ಬಂದ.
ಟೀಚರ್ ನಕ್ಕರು: "ಅರ್ಧಚಂದ್ರ ಪ್ರಯೋಗವೋ?
ಕುತ್ತಿಗೆಗೆ ಕೈಹಾಕಿ ಹೊರಗೆ ದಬ್ಬುವುದಕ್ಕಲ್ಲವೇ ಆ ಮಾತು?"
ಕನ್ನಡಕ ತೆಗೆದು ಒರೆಸಿದರು.
"ಸಾಲ ಯಾರ ಮನೆಯದು ಅಂತ ಕೊನೆಯ ಪುಟದಲ್ಲಿ ಬರಿ."

ಕಾಗುಣಿತ ನೋಡುವ ಇನ್ನೊಂದು ಪ್ಲಗಿನ್ ಮಾತ್ರ
ಪದಪದದ ಕೆಳಗೂ ಕೆಂಪು ಎಳೆಯುತ್ತಲೇ ಇತ್ತು.
ಆರಿಸಲು ಹೋದೆ. ಕೈ ಹಿಡಿದರು.
"ಮೂವತ್ತೊಂದು ವರ್ಷ ಕೆಂಪು ಇಂಕು ನನ್ನ ಜೇಬಿನಲ್ಲಿತ್ತು.
ಈ ಪದಗಳನ್ನೇ ಕಾಪಿಯಲ್ಲಿ ಬರೆದ ಮಕ್ಕಳಿಗೆ
ಹೀಗೇ ಗೆರೆ ಎಳೆದಿದ್ದೇನೆ.
ಇರಲಿ. ಒಂದೊಂದಾಗಿ ನಾನೇ ಅಳಿಸುತ್ತೇನೆ."

ಅದಕ್ಕೊಂದು ಗುಂಡಿ ಮಾಡಿಕೊಟ್ಟೆ: ಇದು ಸರಿ.
ಪ್ರತಿಸಲ ಒತ್ತುವ ಮುಂಚೆ ಪದವನ್ನು
ಬಾಯಿಬಿಟ್ಟು ಹೇಳುತ್ತಾರೆ, ಕೆಲವೊಮ್ಮೆ ಜೊತೆಗೊಂದು ಹೆಸರು,
ಐದನೇ ಕ್ಲಾಸು, ಕಿಟಕಿ ಪಕ್ಕದ ಬೆಂಚು.

ಈಗ ಮೂರನೇ ಪುಸ್ತಕ.
ಎಡಿಟರಿನ ಹೊಸ ಆವೃತ್ತಿ ಬಂದಿದೆಯಂತೆ,
ಕೊಕ್ಕೆಯ ಹೆಸರು ಬದಲಾಗಿದೆಯಂತೆ.
ನಾಳೆ ಮತ್ತೆ ಕಟ್ಟಬೇಕು.
ಬಾಟಲಿಯಲ್ಲಿ ಇನ್ನೂ ಎರಡು ಬೆರಳು ಹುಳಿ ಇದೆ.